ಕಂಬಳಿ ಕೊಟ್ಟವರ ಸೀಟು

ಸ್ಟೇರಿಂಗ್ ನಡುಗುವುದು ನಿಂತರೆ ಡಂಬಳದವರೆಗೆ ಇವಳೇ ಜೀಪು ಓಡಿಸಲಿ ಎಂದು ನನ್ನ ಗಂಡ ಊಟಕ್ಕೆ ಬಂದ ಬೀಗರ ಮುಂದೆ ಹೇಳಿಬಿಟ್ಟರು. ನಗಿಸಲು ಆಡಿದ ಮಾತು. ನಾನು ನಗಲಿಲ್ಲ. ಮರುದಿನವೇ ಮೆಕ್ಯಾನಿಕ್ ಮುಸ್ತಾಕನನ್ನು ಕರೆಸಿದೆ.

ನಾನು ಲೈಸನ್ಸ್ ಪಡೆದು ಎಷ್ಟೋ ಕಾಲವಾಗಿತ್ತು. ಆದರೆ ನಮ್ಮ ಹಳೆಯ ಜೀಪಿನಲ್ಲಿ ಮುಂದಿನ ಸೀಟುಗಳು ನಮ್ಮವರದು ಮತ್ತು ಅವರ ಗೆಳೆಯರದು. ನಾನು ಮತ್ತು ಅತ್ತೆ ದುರಗವ್ವ ಹಿಂದೆ, ಶೇಂಗಾ ಚೀಲಗಳ ಜೊತೆ. ವೇಗ ಹಿಡಿದರೆ ಸಾಕು, ಸ್ಟೇರಿಂಗ್ ಮೈಮೇಲೆ ದೇವರು ಬಂದವರಂತೆ ಕುಣಿಯುತ್ತಿತ್ತು. “ಹೆಣ್ಮಕ್ಕಳ ಕೈಗೆ ನಿಲ್ಲೂದಲ್ಲ ಇದು” ಎನ್ನಲು ನಮ್ಮವರಿಗೆ ಅದೇ ನೆಪ.

ಮುಸ್ತಾಕ ಮುಂಡರಗಿಯ ನಮ್ಮ ಅಂಗಳದಲ್ಲೇ ಮುಂದಿನ ಆಕ್ಸಲ್ ಬಿಚ್ಚಿ ಹರವಿದ. ಸವೆದ ಬೇರಿಂಗ್ ಎಸೆದು ಹೊಸದನ್ನು ನನ್ನ ಕೈಗಿಟ್ಟ.

“ಅಂಗೈಯಾಗ ಗ್ರೀಸ್ ಇಟ್ಕೊಂಡು ಒತ್ರಿ ವೈನಿ, ಆ ಕಡಿಯಿಂದ ಹೊರಗ ಬರೂಮಟ.”

ಒತ್ತಿದೆ. ಸಂದಿಗಳಿಂದ ಗ್ರೀಸ್ ಎಳೆಎಳೆಯಾಗಿ ಇಣುಕಿತು.

“ಅಯ್ಯ, ಶಾವಿಗಿ ಬಂದಂಗ ಬಂತಲ್ಲ! ಕೊಡಿಲ್ಲೆ ಒಂದು” ಎಂದು ಅತ್ತೆ ಸೆರಗು ಸಿಕ್ಕಿಸಿ ಕೂತೇಬಿಟ್ಟರು. ಅವರ ಮೂಗಿಗೆ ಗ್ರೀಸ್, ನನ್ನ ಕೆನ್ನೆಗೆ ಗ್ರೀಸ್. ಮದುವೆಯ ಅರಿಶಿನದ ದಿನವೂ ನಾನು ಹೀಗೆ ನಕ್ಕಿರಲಿಲ್ಲ.

ಅಷ್ಟರಲ್ಲಿ ಮುಸ್ತಾಕ ನಾಲಿಗೆ ಕಚ್ಚಿಕೊಂಡ. “ಚಕ್ರದ ಹಿಂದಿನ ಈ ಗುಂಡಿನ ಸುತ್ತ ಉಣ್ಣಿ ಪಟ್ಟಿ ಇರಬೇಕ್ರಿ. ಪುಡಿಪುಡಿ ಆಗೇತಿ. ಅದಿಲ್ಲಂದ್ರ ಗ್ರೀಸ್ ಹೊರಗ, ಧೂಳ ಒಳಗ. ಹಳೇ ಗಾಡಿ, ಹುಬ್ಬಳ್ಳ್ಯಾಗೂ ಸಿಗೂದಿಲ್ಲ.”

ಬಾಗಿಲಲ್ಲಿದ್ದ ನಮ್ಮವರು ಮೀಸೆಯಡಿ ನಕ್ಕರು. “ಆತು ಬಿಡು. ಡಂಬಳ ಎಲ್ಲೂ ಓಡಿ ಹೋಗೂದಿಲ್ಲ.”

ಅತ್ತೆ ಎದ್ದು ಒಳಗೆ ಹೋದರು. ಬಂದಾಗ ತೋಳಿನ ಮೇಲೆ ಕರಿಕಂಬಳಿ. ತಮ್ಮ ಮದುವೆಯ ಹಂದರದಲ್ಲಿ ಅವರು ಹಾಸಿ ಕೂತದ್ದು, ಯಾರಿಗೂ ಮುಟ್ಟಗೊಡದಿದ್ದದ್ದು.

“ಇದೂ ಉಣ್ಣೀದ ಅಲ್ಲೇನೋ ಮುಸ್ತಾಕ?”

“ಯವ್ವಾ, ಅದನ್ನ ಕತ್ತರಸ್ತಿಯೇನ!” ನಮ್ಮವರು ಅಂಗಳಕ್ಕಿಳಿದರು.

“ಭೀಮ್ಯಾ, ನೀ ಸುಮ್ನಿರು. ಕಂಬಳಿ ನಂದು. ಇವತ್ತಿಂದ ಮುಂದಿನ ಸೀಟೂ ನಂದು.”

ಮುಸ್ತಾಕ ಪಟ್ಟಿ ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ, ಗುಂಡಿಗೆ ಸುತ್ತಿ ಬಿಗಿದ.

ಭಾನುವಾರ ಸ್ಟೇರಿಂಗ್ ಮುಂದೆ ನಾನು, ಪಕ್ಕದಲ್ಲಿ ಅತ್ತೆ, ಹಿಂದೆ ಚೀಲಗಳ ನಡುವೆ ನಮ್ಮವರು. ಊರು ದಾಟಿ ವೇಗ ಹಿಡಿದೆ. ಬೆರಳಲ್ಲಿ ಸಣ್ಣಗೆ ಏನೋ ಅದುರಿತು.

“ಅತ್ತಿ, ನಡಗಾಕತ್ತೇತಿ…”

“ನಾ ಹೇಳಿದ್ದಿಲ್ಲೇನ?” ಹಿಂದಿನಿಂದ ಹಿಗ್ಗಿದ ದನಿ. “ನಿಲ್ಲಸು, ಇಳಿ!”

ಕಾಲು ಬ್ರೇಕಿನತ್ತ ಸರಿಯಿತು. ಅತ್ತೆ ಕೈಚಾಚಿ ಸ್ಟೇರಿಂಗ್ ಮೇಲೆ ಅಂಗೈ ಇಟ್ಟರು, ಜ್ವರ ನೋಡುವವರಂತೆ. ಆಮೇಲೆ ನನ್ನ ಮಣಿಕಟ್ಟು ಹಿಡಿದರು.

“ಗಾಡಿ ಗಟ್ಟಿ ಐತಿ. ನಿನ್ನ ಕೈ ನಡಗಾಕತ್ತಾವ, ಹುಚ್ಚಿ.”

ನಗು ಒದ್ದುಕೊಂಡು ಬಂತು. ಕಾಲು ತಾನಾಗಿ ಎಕ್ಸಿಲರೇಟರಿಗೆ ಮರಳಿತು. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳೂ ನಮ್ಮ ಜೊತೆ ಸುತ್ತುತ್ತಿದ್ದವು. ಡಂಬಳದ ಕೆರೆ ಹೊಳೆಯಿತು.

“ಇಳಿಯೂಣೇನ್ರಿ ಅತ್ತಿ?”

“ಗದಗ ಇನ್ನೆಷ್ಟ ದೂರ?”

“ಏ, ಡಂಬಳ ಹೋತು, ಡಂಬಳ!” ಹಿಂದಿನಿಂದ ಕೂಗು. ಮುಂದಿನ ಸೀಟಿನವರು ಯಾರೂ ತಿರುಗಿ ನೋಡಲಿಲ್ಲ.