ಹಳದಿ ಲಾಹು ಅಜ್ಜಿಯ ನಿಘಂಟು

ಲಾವೋಸಿನ ಯುದ್ಧದಿಂದ ಪಾರಾಗಿ ಅಮೆರಿಕದ ಸ್ಯಾನ್ ಡಿಯೇಗೊ ಸೇರಿದ್ದ ನಾಶಿ ಅಜ್ಜಿಯ ನುಡಿ ಲಾಹು. ಅದರಲ್ಲೂ ಹಳದಿ ಲಾಹು ಎಂಬ ಒಳನುಡಿ. ಭಾಷಾಶಾಸ್ತ್ರದ ಸಂಶೋಧನೆಗೆಂದು ಅಲ್ಲಿಗೆ ಬಂದಿದ್ದ ಧಾರವಾಡದ ನೀಲವ್ವ ಎರಡು ವರ್ಷ, ಪ್ರತಿ ಶನಿವಾರ, ನಾರ್ತ್‌ರಿಜ್‌ನಿಂದ ಡ್ರೈವ್ ಮಾಡಿಕೊಂಡು ಬಂದು ಅವಳ ಒಂದೊಂದು ಮಾತನ್ನೂ ಕಾರ್ಡಿಗಿಳಿಸಿದ್ದಳು. ಆಡಿದ್ದನ್ನು ಆಡಿದ ಹಾಗೆಯೇ ಅಚ್ಚು ಹಾಕಿಸುತ್ತೇನೆಂದು ಮಾತು ಕೊಟ್ಟಿದ್ದಳು.

೧೯೮೪ರಲ್ಲಿ ನಿಘಂಟು ಬಂತು. ನೀಲವ್ವ ಹಿಗ್ಗಿನಿಂದ ಅಜ್ಜಿಗೆ ಓದಿ ಹೇಳತೊಡಗಿದಳು. ನಾಲ್ಕನೇ ಪದಕ್ಕೆ ಬಂದು ನಿಂತಳು; ಅದು ತಾನು ಕಾರ್ಡಿಗಿಳಿಸಿದ್ದ ಪದವಾಗಿರಲಿಲ್ಲ.

“ಇದು ಕರಿ ಲಾಹುಗಳು ಆಡುವ ಮಾತು,” ಎಂದಳು ಅಜ್ಜಿ. “ನನ್ನದೆಲ್ಲಿ?”

ನೀಲವ್ವ ಅಲ್ಲಿಂದಲೇ ನಿಘಂಟನ್ನು ಸಂಪಾದಿಸಿದ್ದ ತನ್ನ ಗೈಡ್ ಕೃಷ್ಣಸ್ವಾಮಿಯವರಿಗೆ ಫೋನ್ ಮಾಡಿದಳು. “ಸರ್, ಅಜ್ಜಿ ಮಾತೆಲ್ಲಾ ಯಾಕ ಬದಲ ಮಾಡಿದ್ರಿ?”

“ಕರಿ ಲಾಹುನೇ ಸ್ಟ್ಯಾಂಡರ್ಡ್ ಕಣಮ್ಮ. ಅಜ್ಜಿದು ಹಳ್ಳಿ ಮಾತು, ತಿದ್ದಿದೀನಿ. ನಿನ್ನ ಕನ್ನಡಾನೂ ನಾನೇ ಅಲ್ವಾ ತಿದ್ದಿದ್ದು?” ಅವರು ನಕ್ಕರು.

ನೀಲವ್ವನಿಗೆ ಸಿಟ್ಟು ನೆತ್ತಿಗೇರಿತು. ಎರಡು ವರ್ಷ ಅದೇ ನಗುವಿಗೆ ತಾನೂ ನಕ್ಕಿದ್ದಳಲ್ಲ! ಫೋನ್ ಕುಕ್ಕಿ ತಿರುಗಿದಳು.

ಅಜ್ಜಿ ಪುಸ್ತಕ ಮುಚ್ಚಿ, ಮುಖಪುಟದಲ್ಲಿದ್ದ ತನ್ನ ಫೋಟೋದ ಮೇಲೆ ಬೆರಳಿಟ್ಟಿದ್ದಳು.

“ಇದನ್ನೊಂದು ಯಾಕೆ ತಿದ್ದದೆ ಬಿಟ್ಟಿರಿ?”