ಕತ್ತರಿ ಮುಟ್ಟದ ಗಂಟು

“ಕುಯ್ಯಾಕಿಲ್ಲ ಅಂದ್ರೆ ಒಳ್ಳೇದೇ ಅಲ್ವಾ ಅತ್ತಿಗೆ? ಅದಕ್ಯಾಕೆ ಮೊಕ ಇಂಗೆ ಮಾಡ್ಕಂಡು ಕುಂತಿದ್ದೀಯೆ?” ಎಂದಳು ನಾದಿನಿ ರಂಗಮ್ಮ. ಜೊತೆಗಿರಲೆಂದು ಯಳಂದೂರಿನಿಂದ ಮೊದಲ ಬಸ್ಸಿಗೇ ಬಂದಿದ್ದಳು.

ಕೊಳ್ಳೇಗಾಲದ ಆಸ್ಪತ್ರೆಯ ಜಗಲಿಯಲ್ಲಿ ಕೂತಿದ್ದ ಚೌಡೇಶ್ವರಿ ತಲೆ ಎತ್ತಲಿಲ್ಲ. ಹದಿನೈದು ವರ್ಷ ಮಗ್ಗದ ಮನೆಯಲ್ಲಿ ಬಾಳಿದವಳಿಗೆ ಗಂಟಿನ ವಿಷಯ ಬೇರೆಯವರು ಹೇಳಿಕೊಡಬೇಕೆ? ರೇಷ್ಮೆ ಎಳೆಯಲ್ಲಿ ಗಂಟು ಸಿಕ್ಕರೆ ಕತ್ತರಿಸಿ, ಎಳೆ ಕೂಡಿಸಿ, ಮುಂದೆ ನೇಯುವುದು. ಆದರೆ ಮಾವ ಸಿದ್ದಯ್ಯನವರು ಮಗ್ಗಕ್ಕೆ ಹಾಕಿದ ಉದ್ದೆಳೆಗಳ ಹಾಸನ್ನು ತಡವಿ ನೋಡಿ, ಕತ್ತರಿ ಎತ್ತದೆ ಎದ್ದುಹೋದರೆಂದರೆ ಆ ಹಾಸಿನ ಕತೆ ಮುಗಿದಂತೆಯೇ. ಇವತ್ತು ಡಾಕ್ಟರಮ್ಮನೂ ಎದೆ ತಡವಿ ನೋಡಿದರು; ಕುಯ್ಯುವುದೂ ಬೇಡ, ಮಾತ್ರೆಯೂ ಬೇಡ ಎಂದರು; ಕೈ ತೊಳೆದುಕೊಂಡರು.

“ಕೈ ತೊಳಕಂಡ್ರು ಕಣೆ ರಂಗಿ.”

“ತೊಳೀದೆ ಇನ್ನೇನು, ನಿನ್ನ ಸೆರಗಿಗೆ ಒರೆಸ್ಕೋಬೇಕಾಗಿತ್ತಾ?”

ಚೌಡೇಶ್ವರಿ ನಗಲಿಲ್ಲ. “ನಮ್ ಪುಟ್ಟಿಗೆ ಇನ್ನೂ ಒಂಬತ್ತು ತುಂಬಿಲ್ಲ. ನಾನು ಓಗ್ಬುಟ್ರೆ ಅದರ ಜಡೆ ಎಣೆಯೋರ್ಯಾರು?”

ರಂಗಮ್ಮ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. “ಏಳು. ಇಲ್ಲಿ ಕುಂತು ಸಾಯೋ ಬದ್ಲು ಒಳಕ್ಕೋಗಿ ಕೇಳನ.”

ಮತ್ತೆ ಒಳಗೆ ಬಂದವರನ್ನು ಡಾಕ್ಟರಮ್ಮ ಬೈಯಲಿಲ್ಲ, ಪರದೆ ಎಳೆದರು. “ಹೋದ ಸಲ ಮುಟ್ಟಿಗೆ ಮುಂಚೆ ಬಂದಿದ್ರಿ. ಸೆರಗು ತಾಗಿದರೂ ನೋವು ಅಂದ್ರಿ. ಈಗ ಮುಟ್ಟು ಕಳೆದು ವಾರ ಆಯ್ತು. ಅಷ್ಟೇ ನೋವಿದೆಯಾ?”

“ಅಷ್ಟಿಲ್ಲ ಕಣ್ರವ್ವ.”

“ಎಡಗಡೆ ನೀವೇ ಮುಟ್ಟಿ ನೋಡಿ. ಈಗ ಬಲಗಡೆ.”

ಚೌಡೇಶ್ವರಿ ಬೆರಳಿಟ್ಟಳು. ಚರ್ಮದಡಿ ನುಚ್ಚು ಹರಡಿದ ಹಾಗೆ ತರಿತರಿ. ಬಲಗಡೆಯೂ ಅದೇ ತರಿ. ಎಡಗಡೆ ಒಂದನ್ನೇ ತಿಂಗಳುಗಟ್ಟಲೆ ಒತ್ತಿ ಒತ್ತಿ ನೋಡಿದವಳು ಬಲಗಡೆ ಕೈಯಿಟ್ಟೇ ಇರಲಿಲ್ಲ.

“ಇದು ಕ್ಯಾನ್ಸರ್ ಅಲ್ಲ. ತಿಂಗಳು ತಿಂಗಳೂ ಊದಿ ಇಳಿಯೋ ಮಾಂಸ. ಬೇರೆಯಾಗಿ ಗಂಟೇ ಇಲ್ಲದಿದ್ರೆ ಕತ್ತರಿಸೋದೇನನ್ನ?”

“ಕಾಯಿಲೆ ಮಿತಿಮೀರಿದ್ರೂ ಕುಯ್ಯಾಕಿಲ್ವಂತಲ್ಲ,” ಎಂದಳು ಚೌಡೇಶ್ವರಿ, ಕೇಳಿಸಿಯೂ ಕೇಳಿಸದ ದನಿಯಲ್ಲಿ.

ಡಾಕ್ಟರಮ್ಮ ಕನ್ನಡಕ ತೆಗೆದರು. “ಹಾಗಿದ್ದಿದ್ರೆ ಮನೆಗೆ ಕಳಿಸ್ತಿದ್ದೆನಾ? ಇವತ್ತೇ ಮೈಸೂರು ಬಸ್ಸು ಹತ್ತಿಸ್ತಿದ್ದೆ.”

“ಅಂಗಾರೆ ಇನ್ನು ಬರೋದೇ ಬ್ಯಾಡ್ವಾ?”

“ಮೂರು ತಿಂಗಳಿಗೆ ಒಂದು ಸಲ ತೋರಿಸಿ. ನಡುವೆ ಒಂದೇ ಕಡೆ ಗಟ್ಟಿಯಾಗಿ ಹೊಸದೇನಾದ್ರೂ ಸಿಕ್ಕಿ, ಮುಟ್ಟು ಕಳೆದರೂ ಇಳೀದಿದ್ರೆ, ಇಲ್ಲಾ ತೊಟ್ಟಿಂದ ರಕ್ತ ಬಂದ್ರೆ, ಕಾಯಬೇಡಿ. ಅವತ್ತೇ ಬನ್ನಿ.”

ಜಗಲಿಗೆ ಬಂದ ಮೇಲೆ ರಂಗಮ್ಮ ಅವಳನ್ನೇ ನೋಡಿದಳು. “ಕುಪ್ಪಸದ ಹುಕ್ಕೆಲ್ಲ ಅಡ್ಡಾದಿಡ್ಡಿ ಹಾಕಿದ್ದೀಯಲ್ಲ ಅತ್ತಿಗೆ. ಕಂಬದ ಇಂದಕ್ಕೋಗು, ನಾನು ಅಡ್ಡ ನಿಂತ್ಕತೀನಿ.”

ಕಂಬದ ಮರೆಯಲ್ಲಿ ಚೌಡೇಶ್ವರಿ ಹುಕ್ಕುಗಳನ್ನು ಬಿಚ್ಚಿ ಕೆಳಗಿನಿಂದ ಒಂದೊಂದಾಗಿ ಮತ್ತೆ ಹಾಕಿದಳು. ಮೇಲಿನದು ಹಾಕುವ ಮುಂಚೆ ಬೆರಳು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಹೋಗಿ, ಇನ್ನೊಮ್ಮೆ ಎಡಕ್ಕೇ ಬಂದು ನಿಂತಿತು.