ದಣಿವು ಹೊರಗೆ ಹಾಕುವ ವಿಧಾನ

"ಏಳ್ರೇ ಮುಂಡೇವ್ರಾ! ಕೂತು-ಗೀತು ಕುಂಡಿಗೆ ಬೇರು ಬಿಟ್ಟೀತು! ಕೆಲ್ಸ-ಗಿಲ್ಸ ನಿಮ್ಮಪ್ಪ ಬಂದು ಮಾಡ್ತಾನಾ?"

ಹಿಂಬಾಗಿಲಿನ ಮೆಟ್ಟಿಲ ಮೇಲೆ ಕೂತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೈದದ್ದು ಧಣಿಯಲ್ಲ, ಗಿಣಿ. ಹೋಟೆಲುಗಳ ಹಾಸು-ಹೊದಿಕೆ ಒಗೆಯುವ ಆ ಲಾಂಡ್ರಿಯಲ್ಲಿ ಅವಳದು ಇಸ್ತ್ರಿ ಕೆಲಸ. ಯಾರ ದನಿ ಕೇಳಿದರೂ ಹಾಗೇ ತಿರುಗಿ ಒಪ್ಪಿಸುತ್ತಿದ್ದಳು, ಅದಕ್ಕೇ ಆ ಹೆಸರು. ಧಣಿಗೆ ಜೋಡಿಪದದ ಚಟ. ನೋವು ಅಂದರೆ ನೋವು-ಗೀವು, ರಜೆ ಅಂದರೆ ರಜೆ-ಗಿಜೆ. "ಅಲ್ವಾ ಮತ್ತೆ, ದಣಿ ಇದ್ಮೇಲೆ ಹಿಂದೆ ಗಿಣಿ ಇರ್ಲೇಬೇಕು" ಎನ್ನುತ್ತಿದ್ದ ಒಗೆಯುವ ಸೋಪಣ್ಣ.

ಕೆಲಸ ಬಿಟ್ಟ ಮೇಲೆ ಮೆಟ್ಟಿಲ ಮೇಲೆ ಒಂದಿಷ್ಟು ಹೊತ್ತು ಕೂತು, ಧಣಿಯನ್ನು ಅವನದೇ ದನಿಯಲ್ಲಿ ಒಗೆದು, ಹಿಂಡಿ, ಹರವಿದರೆ ಎಲ್ಲರ ಮೈ ಹಗುರಾಗುತ್ತಿತ್ತು. ಗಿಣಿಯ ಅತ್ತೆಗಂತೂ ಅದು ಔಷಧಿ. ಬಟ್ಟೆ ಮಡಚುವ ಮೇಜಿನ ಮುಂದೆ ಬೆಳಗಿನಿಂದ ನಿಂತ ಮೊಣಕಾಲು, ಸಂಜೆ ಹೀಗೆ ನೀಡಿಕೊಂಡು ಕೂತರಷ್ಟೇ ಮನೆಯ ಏರು ಹತ್ತುತ್ತಿತ್ತು. ಇಲ್ಲದಿದ್ದರೆ ಮುಷ್ಕರ.

"ಏಳ್ರೇ ಮುಂಡೇವ್ರಾ!"

ಈ ಸಲ ಯಾರೂ ನಗಲಿಲ್ಲ. ಗಿಣಿಯ ತುಟಿ ಅಲುಗಿರಲಿಲ್ಲ.

"ಹೋಟ್ಲೋರು ಓಡಾಡೋ ದಾರೀಲಿ ಎಮ್ಮೆ-ಗಿಮ್ಮೆ ಬಿದ್ದಂಗೆ ಬಿದ್ದಿದೀರಲ್ಲ, ನಾಚ್ಕೆ ಇಲ್ವಾ?" ಬಾಗಿಲಲ್ಲಿ ಅಸಲಿ ಧಣಿ ನಿಂತಿದ್ದ.

"ಕಾಲು ಹಿಡ್ಕೊಂಡಿದೆ ದಣಿ, ಒಂಚೂರು..." ಅತ್ತೆ ಗೋಡೆ ಹಿಡಿದು ಏಳಲು ನೋಡಿದಳು.

"ಕಾಲು-ಗೀಲು ಹೋದ್ರೆ ಮನೇಲಿ ಬಿದ್ದಿರು. ಗಟ್ಟಿ ಕಾಲಿನೋಳು ನಂಗೆ ಸಿಕ್ತಾಳೆ."

ಮರುದಿನ ಸಂಜೆ ಬಂದು ನೋಡಿದರೆ ಮೆಟ್ಟಿಲಿಗೆ ಹಲ್ಲು ಬಂದಿತ್ತು. ಹಸಿ ಸಿಮೆಂಟು ಮೆತ್ತಿ, ಅದರಲ್ಲಿ ಬಾಟಲಿ ಒಡೆದ ಗಾಜು ನೆಟ್ಟಿದ್ದರು.

"ಇದುವರ್ಗೂ ದಣಿ ಬೊಗಳ್ತಿದ್ದ, ಈಗ ಮೆಟ್ಲೇ ಕಚ್ಚುತ್ತೆ" ಎಂದ ಸೋಪಣ್ಣ.

ನಾಲ್ಕು ದಿನ ಗಿಣಿ ಅತ್ತೆಯನ್ನು ಹೆಗಲಿಗೆ ಹಾಕಿಕೊಂಡೇ ಏರು ಹತ್ತಿಸಿದಳು. "ನನ್ನನ್ನ ನೀನು ಹೊರ್ತೀಯ, ನಿನ್ನನ್ನ ಯಾರೇ ಹೊರ್ತಾರೆ? ಬಿಟ್ಬಿಡ್ತೀನಿ ಕೆಲ್ಸ" ಎಂದಳು ಅತ್ತೆ. ಬಿಟ್ಟರೆ ಆ ಮನೆಯಲ್ಲಿ ಒಲೆ ಎರಡು ಹೊತ್ತಲ್ಲ, ಒಂದೇ ಹೊತ್ತು ಉರಿಯುತ್ತಿತ್ತು. ಗಿಣಿ ಅತ್ತೆಯ ದನಿಯಲ್ಲೇ "ಬಿಟ್ಬಿಡ್ತೀನಿ, ಬಿಟ್ಬಿಡ್ತೀನಿ" ಎಂದು ಅಣಕಿಸಿ ಅವಳನ್ನು ನಗಿಸಿದಳು. ತಾನು ಮಾತ್ರ ನಗಲಿಲ್ಲ.

ಐದನೆಯ ಸಂಜೆ ಧಣಿ ಎಲ್ಲರನ್ನೂ ಮಡಚುವ ಕೋಣೆಗೆ ಕರೆಸಿದ. ಕೆಲಸಗಾರರಿಗೆ ವಿಶ್ರಾಂತಿ ಹೇಳಿಕೊಡುತ್ತೀರಾ ಎಂದು ಹೋಟೆಲಿನವರು ಕೇಳಿದ್ದರಂತೆ. ಹೇಳಿಕೊಡಲು ಒಬ್ಬ ಮೇಷ್ಟ್ರು ಬಂದಿದ್ದರು. ಗರಿಗರಿ ಜುಬ್ಬ, ಬೆಣ್ಣೆಯಲ್ಲಿ ಅದ್ದಿದ ದನಿ. ಇದ್ದ ಒಂದೇ ಕುರ್ಚಿಯಲ್ಲಿ ಧಣಿ ಕೂತು, ಹೋಟೆಲಿನವರಿಗೆ ಕಳಿಸುವ ಫೋಟೋ ತೆಗೆಯಲು ಫೋನು ಎತ್ತಿ ಹಿಡಿದಿದ್ದ.

"ಮನೆಗೆ ಹೋದ ಕೂಡಲೇ ಬಿಸಿನೀರಿನ ತೊಟ್ಟಿಯಲ್ಲಿ ಅರ್ಧ ಗಂಟೆ ಮಲಗಿ" ಎಂದರು ಮೇಷ್ಟ್ರು.

"ಬೆಳಗ್ಗಿಂದ ಬಿಸಿನೀರಲ್ಲೇ ಇದೀನಿ ಸಾರ್. ಇನ್ನೂ ಬೆಂದ್ರೆ ಬಡಿಸ್ಬೋದು" ಎಂದ ಸೋಪಣ್ಣ.

"ಒಂದು ಕೋಣೆಯಲ್ಲಿ ಒಬ್ಬರೇ, ಮೌನವಾಗಿ ಕೂತುಕೊಳ್ಳಿ."

"ನಮ್ಮನೇಲಿ ಒಬ್ರೇ ಕೂರೋಕಾಗೋದು ಕಕ್ಕಸಲ್ಲಿ ಸಾರ್" ಎಂದಳು ಗಿಣಿ. "ಅಲ್ಲೂ ಬಾಗ್ಲು ಬಡೀತಾರೆ, ಮೌನ ಎಲ್ಲಿಂದ ಬರ್ಬೇಕು?"

ಕಿಸಕ್ಕೆಂದು ನಗು ಹರಿಯಿತು. ಮೇಜಿಗೆ ಆತುಕೊಂಡಿದ್ದ ಅತ್ತೆ ಮಾತ್ರ ಬೆವರುತ್ತಿದ್ದಳು. "ಸಾರ್, ಕೂತ್ಕೊಂಡು ಕೇಳ್ಬೋದಾ?"

ಮೇಷ್ಟ್ರು ಧಣಿಯ ಮುಖ ನೋಡಿದರು.

"ಕೂತ್ರೆ ನಿದ್ದೆ-ಗಿದ್ದೆ ಹೊಡೀತಾರೆ. ನಿಂತ್ಕೊಂಡೇ ರಿಲ್ಯಾಕ್ಸ್ ಆಗ್ಲಿ."

ಅತ್ತೆಯ ಮೊಣಕಾಲು ಅಪ್ಪಣೆ ಕೇಳಲಿಲ್ಲ, ಮಡಚಿಕೊಂಡಿತು. ಅವಳು ಮೇಜಿನ ಕಾಲ ಬಳಿ ಕುಸಿದಳು.

"ನೋಡಿ, ನಾಟ್ಕ-ಗೀಟ್ಕ ಶುರು! ಏಯ್ ಮುದ್ಕಿ, ನಾಳೆಯಿಂದ ಈ ಕಡೆ ಮುಖ ಹಾಕ್ಬೇಡ. ಏಳು, ಫೋಟೋಗೆ ಅಡ್ಡ ಆಗ್ತಿದೀಯ."

ಗಿಣಿ ಅತ್ತೆಯ ರಟ್ಟೆ ಹಿಡಿದು ಅಲ್ಲೇ ಕುಕ್ಕರಿಸಿದಳು. ಮೇಷ್ಟ್ರಿಗೆ ಗಾಬರಿ. ಪಾಠ ಬೇಗ ಮುಗಿಸಿ ಹೊರಟರೆ ಸಾಕಾಗಿತ್ತು.

"ಆಯ್ತಾಯ್ತು, ಎಲ್ಲರೂ ಕಣ್ಮುಚ್ಚಿ. ಉಸಿರು ಎಳ್ಕೊಳ್ಳಿ. ಈಗ ದಣಿವ್ನ ಮೆಲ್ಲಗೆ ಎತ್ತಿ... ಹೊರಗೆ ಹಾಕಿ."

ಸೋಪಣ್ಣನ ಕಿವಿಯನ್ನು ಒಗೆಯುವ ಯಂತ್ರದ ಸದ್ದು ಎಂದೋ ಅರ್ಧ ತಿಂದಿತ್ತು. "ಏನಂದ್ರು?" ಎಂದು ಗಿಣಿಯ ಕಡೆ ವಾಲಿದ.

ಕಾಗದದ ಮೇಲೆ ಬರೆಯುವಾಗ ಧಣಿಯ 'ಧ'ಕ್ಕೆ ಹೊಟ್ಟೆ ಸೀಳಲೇಬೇಕು. ಬಾಯಲ್ಲಿ ಯಾರು ಸೀಳುತ್ತಾರೆ? ಧಣಿಯೂ ಒಂದೇ, ದಣಿಯೂ ಒಂದೇ. ನಡುವೆ ಉಳಿದದ್ದು ಒಂದು 'ವ'. ಗಿಣಿ ಕಣ್ಣು ಮುಚ್ಚಿಕೊಂಡೇ ಅದನ್ನು ನುಂಗಿದಳು. ಮೇಷ್ಟ್ರ ಬೆಣ್ಣೆ ದನಿಯಲ್ಲಿ, ಕೋಣೆಗೆಲ್ಲ ಕೇಳುವಂತೆ ಒಪ್ಪಿಸಿದಳು:

"ದಣೀನ... ಮೆಲ್ಲಗೆ ಎತ್ತಿ... ಹೊರಗೆ ಹಾಕಿ."

ಸೋಪಣ್ಣ ಕಣ್ಣು ಬಿಟ್ಟ. ಮೇಷ್ಟ್ರನ್ನು ನೋಡಿದ. ಗಿಣಿಯನ್ನು ನೋಡಿದ. ಕಿವುಡು ಎಷ್ಟು, ಕಿತಾಪತಿ ಎಷ್ಟು ಎಂದು ಅಳೆಯಲು ಯಾರಿಗೂ ಪುರುಸೊತ್ತಿರಲಿಲ್ಲ. ಅವನು ಕುರ್ಚಿಯ ಒಂದು ಕಾಲು ಹಿಡಿದ. ಉಳಿದ ಮೂರು ಕಾಲಿಗೆ ಕೈಗಳು ತಾವಾಗಿ ಬಂದವು. ನೆಂದ ಬಟ್ಟೆಯ ಗಂಟು ಎತ್ತಿ ಎತ್ತಿ ಪಳಗಿದ ಕೈಗಳು. ಧಣಿ ಅಷ್ಟೇನೂ ಭಾರವಿರಲಿಲ್ಲ.

"ಏಯ್! ಏನ್ರೋ ಇದು! ಇಳ್ಸ್ರೋ ಬಡ್ಡೀಮಕ್ಳಾ!"

"ಅಲ್ಲಾಡ್ಬೇಡಿ ದಣಿ, ಮೆಲ್ಲಗೆ ಅಂದಿದಾರೆ ಮೇಷ್ಟ್ರು."

"ಅಯ್ಯೋ, ದಣಿವು! ದಣಿವು ಅಂದೆ ಕಣ್ರಪ್ಪಾ! ವಕಾರ ಇದೆ, ವಕಾರ!" ಮೇಷ್ಟ್ರು ಹಿಂದೆ ಹಿಂದೆ ಓಡಿದರು.

"ವಕಾರ ನಿಮ್ಹತ್ರಾನೇ ಇರ್ಲಿ ಸಾರ್, ಇಷ್ಟೇ ಸಾಕು ಭಾರ" ಎಂದ ಸೋಪಣ್ಣ.

ಹಿಂಬಾಗಿಲು ದಾಟಿ, ಗಾಜಿನ ಮೆಟ್ಟಿಲನ್ನು ಜೋಪಾನವಾಗಿ ತುದಿಗಾಲಲ್ಲಿ ದಾಟಿ, ಓಣಿಯ ನಡುವೆ ಕುರ್ಚಿಯನ್ನು ಇಳಿಸಿ ಬಂದರು. ಆ ಅಭ್ಯಾಸವಿಲ್ಲದ ಧಣಿ ಮಾತ್ರ ಮೆಟ್ಟಿಲು ಹತ್ತಲಾರದೆ ಮುಂಬಾಗಿಲಿಗೆ ಸುತ್ತು ಹಾಕಬೇಕಾಯಿತು.

ಅಷ್ಟರಲ್ಲಿ ಗಿಣಿ, ಹೋಟೆಲಿಗೆ ಹೋಗಲಿದ್ದ ರಾಶಿಯಿಂದ ಬೆಳ್ಳನೆಯ ಹಾಸುಗಳನ್ನು ಎಳೆದು ನೆಲದ ತುಂಬ ಹರವಿದಳು.

"ಹೋಟ್ಲಿಂದು ಕಣೇ, ಕೊಳೆ ಆಗುತ್ತೆ!" ಅತ್ತೆ ಕಾಲು ಹಿಂದೆಳೆದುಕೊಂಡಳು.

"ಇಷ್ಟು ವರ್ಷ ಮಡ್ಚಿದ್ದಾಯ್ತಲ್ಲ ಅತ್ತೆ. ಇವತ್ತು ಬಿಡ್ಸಿ ನೋಡಿ, ಒಳಗೆ ಏನಿದೆ ಅಂತ."

ಅತ್ತೆ ಮೊದಲು ಅಂಗೈಯಿಂದ ಸವರಿದಳು. ಆಮೇಲೆ ಕೂತಳು. ಆಮೇಲೆ ಉದ್ದಕ್ಕೆ ಕಾಲು ಚಾಚಿ ಮಲಗಿಯೇಬಿಟ್ಟಳು. ಒಬ್ಬೊಬ್ಬರಾಗಿ ಉಳಿದವರೂ ಪಕ್ಕದಲ್ಲಿ ಒರಗಿದರು. ಎಲ್ಲಿ ನಿಲ್ಲುವುದೆಂದು ತಿಳಿಯದ ಮೇಷ್ಟ್ರು ಒಂದು ಮೂಲೆಯಲ್ಲಿ ಚಪ್ಪಲಿ ಬಿಟ್ಟು ಕೂತರು. ಸ್ವಲ್ಪ ಹೊತ್ತಿಗೆ ಅತ್ತೆಯ ಗೊರಕೆ ಶುರುವಾಯಿತು.

ಧಣಿ ಬಂದ. ಮುಖ ಕಾದ ಇಸ್ತ್ರಿಪೆಟ್ಟಿಗೆ. ಬೈಯಲು ಬಾಯಿ ತೆರೆದ.

ಗಿಣಿ ಮಲಗಿದಲ್ಲಿಂದಲೇ ತುಟಿಯ ಮೇಲೆ ಬೆರಳಿಟ್ಟಳು. "ಶ್ಶ್... ಮಲ್ಗಿದಾರೆ."

"ಒಬ್ರನ್ನೂ ಬಿಡಲ್ಲ ಕಣ್ರೇ..." ಎಂದ ಧಣಿ. ಎಂದ ಮೇಲೆ ಅವನಿಗೇ ಗೊತ್ತಾದದ್ದು, ಬೈಗುಳ ಪಿಸುಮಾತಿನಲ್ಲಿ ಬಂದಿತ್ತು. "ನಾಳೆ ಬೆಳಿಗ್ಗೆ ಎಲ್ರನ್ನೂ..."

ಅತ್ತೆ ನಿದ್ದೆಯಲ್ಲೇ ಮಗ್ಗುಲು ಬದಲಿಸಿದಳು. ಗೊರಕೆ ತುಸು ತಡೆಯಿತು. ಧಣಿ ಮಾತು ಅರ್ಧಕ್ಕೇ ಬಿಟ್ಟು, ಗೊರಕೆ ಮತ್ತೆ ಶುರುವಾಗಲೆಂದು ಉಸಿರು ಹಿಡಿದು ನಿಂತ.